ಹೊಸ ಚರ್ಚ್ ಹಾಲ್ ಊರವರಿಗೂ ಕೊಡಬೇಕೆಂದಿದ್ದೇವೆ, ಅನುಭವ ಇದ್ದವರು ಹೇಳಿ

ಪ್ರಶ್ನೆ: ನಮ್ಮದು ಹಾಸನ ಕಡೆಯ ಸಣ್ಣ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಹೊಸ ಕಟ್ಟಡದಲ್ಲಿ ಮೇಲೆ ಆರಾಧನೆ, ಕೆಳಗೆ ಹಾಲ್. ಊರವರು ಮದುವೆ, ನಾಮಕರಣ, ಸಂಘದ ಮೀಟಿಂಗಿಗೆ ಕೇಳುತ್ತಿದ್ದಾರೆ. ಪಾದ್ರಿ ಅಯ್ಯನವರಿಗೆ ಮನಸ್ಸಿದೆ, ಕಮಿಟಿಯಲ್ಲಿ ಎರಡು ಗುಂಪಾಗಿದೆ. ಕೊಟ್ಟವರು ಏನು ಕಂಡಿರಿ?

ಕುಂದಾಪುರ ಕಡೆಯವ: ಕೊಡಿ, ಆದರೆ ಮೊದಲು ಕೊಳೆನೀರಿನ ಪಿಟ್ ನೋಡಿಕೊಳ್ಳಿ ಮಾರಾಯ್ರೆ. ನಮ್ಮ ಇಗರ್ಜಿ ಹಾಲ್ ಕಟ್ಟಿದ್ದು ಆದಿತ್ಯವಾರ ಪೂಜೆಗೆ ಬರುವವರ ಲೆಕ್ಕದಲ್ಲಿ. ಏಳುನೂರು ಜನರ ಮದುವೆ ಊಟ ಆದ ದಿನ ಕೈತೊಳೆದ ನೀರು ಹೋಗಲಿಕ್ಕೆ ಜಾಗ ಇಲ್ಲದೆ ಅಂಗಳಕ್ಕೆ ಬಂತು. ಪಿಟ್ ಖಾಲಿ ಮಾಡುವ ಟ್ಯಾಂಕರಿಗೆ ಸಲಕ್ಕೆ ₹3,500. ಕಡೆಗೆ ಹೊಸ ಪಿಟ್ಟಿಗೆ ₹1.85 ಲಕ್ಷ. ಅಡುಗೆಯವರು ಕೊಪ್ಪರಿಗೆ ಎಳೆದು ಹಿಂದಿನ ಜಗಲಿಯ ಟೈಲ್ಸಿನ ಮೂಲೆಗಳನ್ನೆಲ್ಲ ಹಾರಿಸಿದರು. ಅದೇ ಡಿಸೈನ್ ಅಂಗಡಿಯಲ್ಲಿ ಸಿಗಲಿಲ್ಲ, ಹೊಂದದ ತುಂಡು ಹಾಕಿದ್ದು ಇವತ್ತಿಗೂ ಕಣ್ಣಿಗೆ ಹೊಡೆಯುತ್ತದೆ. ಈಗ ₹10,000 ಡೆಪಾಸಿಟ್, ಅಡುಗೆ ಹೊರಗೆ ಶೀಟಿನ ಕೆಳಗೆ ಮಾತ್ರ. ಆದರೂ ನಿಲ್ಲಿಸಲಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮರಿಯಮ್ಮನವರ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ) ನಮಗೆ ತೆನೆ ಕೊಡುವುದು ಪಕ್ಕದ ಗದ್ದೆಯ ಹಿಂದೂ ಮನೆಯವರು. ಅವರ ಮಗಳ ಮದುವೆಗೆ ಹಾಲ್ ಇಲ್ಲ ಅನ್ನಲಿಕ್ಕೆ ಆಗುತ್ತದಾ?

ಮೈಸೂರು ಸಭೆಯವಳು: ಮದುವೆಗೆ ಕೊಡಲೇಬೇಡಿ ಕಣ್ರೀ. ನಮ್ಮ ಹಾಲ್ ಎದ್ದದ್ದು ಕೊಯ್ಲಿನ ಹಬ್ಬದಲ್ಲಿ ಸಭೆಯವರು ತಂದುಕೊಟ್ಟ ಫಸಲಿನ ಹರಾಜಿನ ದುಡ್ಡಲ್ಲಿ. ಒಂದು ಕುಂಬಳಕಾಯಿಗೆ ಐದು ಸಾವಿರ ಕೂಗಿದವರಿದ್ದಾರೆ. ಮೊದಲ ಡಿಸೆಂಬರಿನಲ್ಲೇ ರಿಸೆಪ್ಷನ್‌ಗಳು ಬುಕ್ ಆಗಿ, ಕ್ವಯರ್‌ನವರು ಕ್ಯಾರಲ್ ಪ್ರಾಕ್ಟೀಸನ್ನು ಮೆಟ್ಟಿಲ ಮೇಲೆ ನಿಂತು ಮಾಡಿದರು. ಜಗಳ ಮಾಡಿ ನಿಲ್ಲಿಸಿದ್ದು ನಾನೇ, ಹೆಮ್ಮೆಯಿದೆ. ಈಗ ಹೊಲಿಗೆ ಕ್ಲಾಸ್, ಸ್ತ್ರೀಶಕ್ತಿ ಸಂಘ, ಕಣ್ಣಿನ ಕ್ಯಾಂಪ್, ಸಂಜೆ ಮಕ್ಕಳ ಟ್ಯೂಷನ್. ಯಾವುದಕ್ಕೂ ಬಾಡಿಗೆ ಇಲ್ಲ. ಕರೆಂಟ್ ಬಿಲ್ ತಿಂಗಳಿಗೆ ₹2,200 ಜಾಸ್ತಿ ಬರುತ್ತೆ, ಸಭೆಯ ಹೆಂಗಸರೇ ಸೇರಿಸಿ ಕಟ್ಟುತ್ತೀವಿ.

ಕುಂದಾಪುರ ಕಡೆಯವ: ಬಾಡಿಗೆ ಇಲ್ಲದೆ ಪೇಂಟ್ ಯಾರು ಹೊಡೆಸುವುದು? ನಮ್ಮಲ್ಲಿ ನಾಲ್ಕು ತಿಂಗಳ ಮಳೆಗೆ ಗೋಡೆ ಇಡೀ ಪಾಚಿ. ಪೇಟೆಯವರಿಗೆ ಅದೆಲ್ಲ ಗೊತ್ತಿಲ್ಲ.

ಮೈಸೂರು ಸಭೆಯವಳು: ನಮ್ಮ ಸಭೆಯಲ್ಲಿ ಅರ್ಧ ಜನ ಗಾರ್ಮೆಂಟ್ಸ್‌ಗೆ ಹೋಗುವವರು. ತಿಳಿಯದೆ ಮಾತಾಡಬೇಡಿ.

ಲೆಕ್ಕ ಬರೆಯುವವನು: ಜಿಎಸ್‌ಟಿ ವಿಷಯ ಯಾರೂ ಎತ್ತಲಿಲ್ಲ. ನೋಂದಾಯಿತ ಧಾರ್ಮಿಕ ಟ್ರಸ್ಟ್ ತನ್ನ ಆರಾಧನಾ ಸ್ಥಳದ ಆವರಣದ ಹಾಲ್ ಕೊಟ್ಟರೆ ವಿನಾಯಿತಿ ಇದೆ. ಆದರೆ ಬಾಡಿಗೆ ದಿನಕ್ಕೆ ₹10,000 ಮುಟ್ಟಿದರೆ ವಿನಾಯಿತಿ ಹೋಯಿತು, ಕೋಣೆಗೆ ಆ ಮಿತಿ ₹1,000. ನಮ್ಮ ಕಮಿಟಿ ಹಾಲಿಗೆ ₹9,500, ಪಾತ್ರೆಗೆ ₹4,000, ಕಸ ಗುಡಿಸೋದಕ್ಕೆ ₹2,500 ಅಂತ ಮೂರು ರಸೀದಿ ಹರಿಯಿತು. ಮೂರೂ ಸೇರಿಯೇ ಹಾಲಿನ ಬಾಡಿಗೆ ಅಂತ ಆಡಿಟರ್ ಒಪ್ಪಲಿಲ್ಲ. ಹಳೇ ರಸೀದಿ ಪುಸ್ತಕಗಳನ್ನೆಲ್ಲ ತೆಗೆದು ಮತ್ತೆ ಲೆಕ್ಕ ಹಾಕಿದೆವು, ಅವರ ಫೀಸೇ ₹18,000 ಆಯಿತು.

ಕುಂದಾಪುರ ಕಡೆಯವ: ನಮ್ಮಲ್ಲಿ ಪಾತ್ರೆ ಬಾಡಿಗೆ ಹಾಲ್ ಕಟ್ಟುವ ಮೊದಲಿನಿಂದಲೂ ಬೇರೆಯೇ ಉಂಟು. ಅದನ್ನು ಕಳ್ಳಲೆಕ್ಕ ಅನ್ನಬೇಡಿ.

ಲೆಕ್ಕ ಬರೆಯುವವನು: ಕಳ್ಳಲೆಕ್ಕ ಅಂತ ನಾನು ಎಲ್ಲಿ ಬರೆದೆ? ನಮ್ಮ ಸಭೆಗೆ ಆದದ್ದು ಹೇಳಿದೆ.

ಕೊಡಗಿನವ: 2018ರ ಆಗಸ್ಟಿನಲ್ಲಿ ಇಲ್ಲಿ ಗುಡ್ಡ ಜರಿದಾಗ ಹಾಲಿನ ಬಾಡಿಗೆ ಎಷ್ಟು ಅಂತ ಯಾರೂ ಕೇಳಲಿಲ್ಲ. ನಮ್ಮ ಹಾಲಿನಲ್ಲಿ ಬಾಣಂತಿಯರಿಂದ ಹಿಡಿದು ಮುದುಕರವರೆಗೆ ಮಲಗಿದ್ದರು. ಇದ್ದದ್ದು ಎರಡೇ ಶೌಚಾಲಯ, ಅದೂ ಮೆಟ್ಟಿಲಿಳಿದು ಹಿಂದೆ. ಒಬ್ಬ ಅಜ್ಜಿಯನ್ನು ರಾತ್ರಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ಇಳಿಸುತ್ತಿದ್ದೆವು, ಮಳೆಯಲ್ಲಿ. ಆಮೇಲೆ ರ‍್ಯಾಂಪ್, ಇನ್ನೂ ನಾಲ್ಕು ಶೌಚಾಲಯ ಸೇರಿ ₹3.4 ಲಕ್ಷ ಹೋಯಿತು. ಕಟ್ಟುವಾಗಲೇ ಮಾಡಿದ್ದರೆ ಅರ್ಧದಲ್ಲಿ ಮುಗಿಯುತ್ತಿತ್ತು.

ಮೈಸೂರು ಸಭೆಯವಳು: ಅದಕ್ಕೇ ಹೇಳಿದ್ದು, ಮದುವೆ ಬುಕ್ಕಿಂಗ್ ಇದ್ದರೆ ಅಂಥ ದಿನ ಏನು ಮಾಡುತ್ತೀರಿ?

ಕೊಡಗಿನವ: ಮದುವೆಗೂ ಕೊಡುತ್ತೇವೆ ಅಕ್ಕ. ವಿಪತ್ತು ಬಂದರೆ ಬುಕ್ಕಿಂಗ್ ರದ್ದು, ಮುಂಗಡ ವಾಪಸ್ ಅಂತ ಅರ್ಜಿಯಲ್ಲೇ ಸಹಿ ಹಾಕಿಸುತ್ತೇವೆ.

ಕುಂದಾಪುರ ಕಡೆಯವ: ಹಂಚಿಬಿಟ್ಟ ಮದುವೆ ಕಾಗದ ಹಿಂದೆ ತರಲಿಕ್ಕೆ ಆಗುತ್ತದಾ? ಹೆಣ್ಣಿನ ಕಡೆಯವರು ನಿಮ್ಮ ಗೇಟಿನಲ್ಲಿ ಬಂದು ನಿಂತಾಗ ಆ ಸಹಿ ತೋರಿಸಿ ನೋಡಿ.