ಬಿಎಡ್ ಮೇಡಂ ಕೈಗೆ ತರಗತಿ ಬಿಟ್ಟುಕೊಡೋದು ಹೇಗೆ? ಅನುಭವ ಇದ್ದವರು ಹೇಳಿ

ಜಗಳೂರು ಗಣಿತ ಟೀಚರ್:
ಎಲ್ಲರಿಗೂ ನಮಸ್ಕಾರ. ನಮ್ಮದು ಜಗಳೂರು ತಾಲ್ಲೂಕಿನ ಪ್ರೌಢಶಾಲೆ. ಸೋಮವಾರದಿಂದ ಎರಡನೇ ವರ್ಷದ ಬಿಎಡ್ ಓದುವ ಹುಡುಗಿಯೊಬ್ಬಳು 16 ವಾರದ ಇಂಟರ್ನ್‌ಶಿಪ್‌ಗೆ ಬರುತ್ತಿದ್ದಾಳೆ. ನಾನು ಮೆಂಟರ್ ಆಗುವುದು ಇದೇ ಮೊದಲು. ಒಂದೇ ಸಲ ತರಗತಿ ಕೊಟ್ಟುಬಿಡದೆ, ಇಬ್ಬರೂ ಜೊತೆಗೆ ಪಾಠ ಮಾಡುತ್ತಾ ನಿಧಾನಕ್ಕೆ ವಹಿಸಬೇಕು ಅಂತಿದೆ. 9ನೇ ತರಗತಿಯಲ್ಲಿ 52 ಮಕ್ಕಳು. ಯಾವ ವಾರ ಎಷ್ಟು ಕೊಟ್ಟಿರಿ? ಎಲ್ಲಿ ಎಡವಿದಿರಿ?

ಹರಿಹರದ ಮೇಷ್ಟ್ರು:
ಮೇಡಂ, ಮೊದಲ ತಿಂಗಳು ಕೊಡಲೇಬೇಡಿ. ನಾನು ಕೊಟ್ಟು ಅನುಭವಿಸಿದ್ದೇನೆ.

ಎರಡನೇ ವಾರ ನನಗೆ ನಾಲ್ಕು ದಿನದ ತರಬೇತಿ ಬಂತು. 8ನೇ ತರಗತಿ, ಪೂರ್ಣಾಂಕಗಳ ಪುನರಾವರ್ತನೆ ತಾನೇ, ಏನಾಗುತ್ತೆ ಅಂತ ಬಿಟ್ಟು ಹೋದೆ. ಬಿಎಡ್‌ನಿಂದ ಬಂದಿದ್ದ ಆ ಹುಡುಗ ಒಳ್ಳೆಯವನೇ. ಗುಣಾಕಾರ ಹೇಳುವಾಗ ‘ಮೈನಸ್ಸು ಮೈನಸ್ಸು ಪ್ಲಸ್ಸು’ ಅಂತ ರಾಗವಾಗಿ ಹಾಡಿಸಿದ್ದಾನೆ. ಮಕ್ಕಳಿಗೆ ರಾಗ ಉಳೀತು, ಗುಣಾಕಾರ ಅನ್ನೋದು ಹೋಯಿತು. ನಾನು ಬಂದು ನೋಟ್‌ಬುಕ್ ತೆಗೆದರೆ −3 − 4 = +7. 47 ನೋಟ್‌ಬುಕ್‌ಗಳಲ್ಲಿ 39ರಲ್ಲಿ ಅದೇ. ಅದಕ್ಕೆಲ್ಲ ಕೆಂಪು ಪೆನ್ನಿನಲ್ಲಿ ರೈಟ್ ಗುರುತು ಬೇರೆ!

ಸರಿ ಮಾಡಲು ಎಷ್ಟು ದಿನ ಹಿಡೀತು ಕೇಳಿ. 11 ದಿನ ಬೆಳಿಗ್ಗೆ ಎಂಟೂಮುಕ್ಕಾಲಿಗೆ ವಿಶೇಷ ತರಗತಿ. ಮನೆಯಿಂದ ಶಾಲೆಗೆ 14 ಕಿಲೋಮೀಟರ್. ಎಂದಿನ ಬಸ್ ಆ ಹೊತ್ತಿಗೆ ಇಲ್ಲ, ಬೈಕೇ ಗತಿ. ಹೋಗಿ ಬಂದು 308 ಕಿಲೋಮೀಟರ್. ಒಂದು ಪಂಕ್ಚರ್ ಕೂಡ ಆಯಿತು, ಅದರ 120 ರೂಪಾಯಿ ಬೇರೆ. ಕೊನೆಗೆ ವರಾಂಡದಲ್ಲಿ ಸೀಮೆಸುಣ್ಣದಿಂದ ಉದ್ದಕ್ಕೆ ಸಂಖ್ಯಾರೇಖೆ ಎಳೆದೆ. ಒಬ್ಬೊಬ್ಬರನ್ನೇ −3ರ ಮೇಲೆ ನಿಲ್ಲಿಸಿ ‘ಎಡಕ್ಕೆ ನಾಲ್ಕು ಹೆಜ್ಜೆ ಹಾಕು’ ಅಂದೆ. −7ಕ್ಕೆ ಹೋಗಿ ನಿಂತ ಮೇಲೂ ಒಬ್ಬ ಕೆಳಗೆ ನೋಡಿ, ‘ಸಾರ್, ಇಲ್ಲಿ ಮೈನಸ್ ಬರೆದಿರೋದು ತಪ್ಪು’ ಅಂದ. ಅರ್ಧವಾರ್ಷಿಕ ಪರೀಕ್ಷೆಯಲ್ಲೂ ಎಂಟು ಮಕ್ಕಳು +7 ಬರೆದರು.

ಚಿತ್ರದುರ್ಗದ ವಿಜ್ಞಾನ ಮೇಡಂ:
ಸಾರ್, ಅದು ವಹಿಸಿಕೊಡೋದಲ್ಲ, ಬಿಟ್ಟು ಹೋಗೋದು. ಎರಡಕ್ಕೂ ಹೆಸರು ಒಂದೇ ಆಗಬಾರದು.

ನಾನು ಮೂರು ವರ್ಷದಿಂದ ಜೊತೆ ಬೋಧನೆ ಮಾಡಿಸುತ್ತಿದ್ದೇನೆ. ಮೊದಲ ಎರಡು ವಾರ ಬಿಎಡ್ ಹುಡುಗಿ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರುವಂತಿಲ್ಲ. ಕೈಗೆ ಮಕ್ಕಳು ಕೂರುವ ನಕ್ಷೆ ಕೊಟ್ಟು, ನಾನು ಯಾರಿಗೆ ಪ್ರಶ್ನೆ ಕೇಳಿದರೂ ಆ ಹೆಸರಿನ ಮುಂದೆ ಗೀಟು ಹಾಕಲು ಹೇಳಿದೆ. ಐದನೇ ದಿನ ನಕ್ಷೆ ನೋಡಿದರೆ ಗೀಟೆಲ್ಲ ಆರು ಮಕ್ಕಳ ಮುಂದೆಯೇ. ಕಿಟಕಿ ಸಾಲಿನಲ್ಲಿ ಒಂದೂ ಇಲ್ಲ. 19 ವರ್ಷದ ಸರ್ವೀಸು ನನ್ನದು! ಆ ರಾತ್ರಿ ನಿದ್ದೆ ಬರಲಿಲ್ಲ, ಸುಳ್ಳು ಹೇಳಲ್ಲ.

ಮೂರನೇ ವಾರದಿಂದ ಪಾಠ ನನ್ನದು, ಓಡಾಡಿ ನೋಡುವುದು ಆಕೆಯದು. ಐದನೇ ವಾರ ತರಗತಿಯನ್ನು ಗುಂಪು ಮಾಡಿದೆವು. ಅರಿಸಿನದ ಕಾಗದಕ್ಕೆ ಸೋಪಿನ ನೀರು ಹಾಕಿ ಕೆಂಪಾಗುವುದನ್ನು ನೋಡುವ ಗುಂಪು ಆಕೆಗೆ, ನಿಂಬೆರಸ ಮತ್ತು ಲಿಟ್ಮಸ್ ಗುಂಪು ನನಗೆ. ಅರ್ಧ ಪೀರಿಯಡ್ ಆದ ಮೇಲೆ ಗುಂಪು ಅದಲು ಬದಲು. ಒಂದೇ ಪಾಠವನ್ನು ಆಕೆ ದಿನಕ್ಕೆ ಎರಡು ಸಲ ಮಾಡಿದಂತಾಯಿತು. ಎರಡನೇ ಸಲ ಎಷ್ಟು ಸುಧಾರಿಸುತ್ತೆ ಅಂತ ನೋಡಿಯೇ ನಂಬಬೇಕು. ಎಂಟನೇ ವಾರಕ್ಕೆ ಆಕೆ ಮುಂದೆ, ನಾನು ಸಹಾಯಕ್ಕೆ. ಹತ್ತನೇ ವಾರ ನಾನು ಬಾಗಿಲಾಚೆ.

ಕಷ್ಟ ಅಂದರೆ ಸಮಯ. ಇಬ್ಬರಿಗೂ ಒಟ್ಟಿಗೆ ಬಿಡುವು ಸಿಗಲ್ಲ. ಮಧ್ಯಾಹ್ನ ಮಕ್ಕಳ ಮೊಟ್ಟೆ ಸುಲಿಯುತ್ತಾ ನಾಳೆಯ ಪಾಠ ಮಾತಾಡಿಕೊಂಡಿದ್ದೇವೆ. ಅಮೆರಿಕದ ಮಿನ್ನೆಸೋಟದಲ್ಲಿ ಸೇಂಟ್ ಕ್ಲೌಡ್ ವಿಶ್ವವಿದ್ಯಾಲಯದವರು ಇಂತಹ ಏಳು ವಿಧಾನ ಪಟ್ಟಿ ಮಾಡಿದ್ದಾರೆ. ನನಗೆ ದಕ್ಕಿದ್ದು ನಾಲ್ಕು.

ಚನ್ನಗಿರಿಯ ಹಳಬ:
ಅಮೆರಿಕ ಬಂತಲ್ಲ, ಮುಗೀತು ಬಿಡಿ. ನಮ್ಮದು ಒಂದು ವರ್ಷದ ಬಿಎಡ್. ನಲವತ್ತು ಪಾಠ ಮಾಡಿದೆವು, ಬೈಸಿಕೊಂಡೆವು, ಕಲಿತೆವು. 31 ವರ್ಷ ಪಾಠ ಮಾಡಿದೆ, ನನ್ನ ಮಕ್ಕಳು ಯಾರೂ ಹಾಳಾಗಿಲ್ಲ. ಈಗ ಒಂದು ತರಗತಿಗೆ ಇಬ್ಬರು ಟೀಚರು, ನಾಲ್ಕು ಗುಂಪು, ಅರಿಸಿನ, ನಿಂಬೆಹಣ್ಣು. ಪಾಠವೋ ಪೂಜೆಯೋ?

ಚಿತ್ರದುರ್ಗದ ವಿಜ್ಞಾನ ಮೇಡಂ:
ಹಾಳಾದವರು ನಿಮ್ಮ ಹತ್ತಿರ ಬಂದು ಹೇಳ್ತಾರಾ ಸಾರ್?

ಹೋದ ವರ್ಷ ಮುಗಿಸಿದವನು:
ಮೆಂಟರ್‌ಗಳೇ ಮಾತಾಡುತ್ತಿದ್ದೀರಿ. ಅನುಭವಿಸಿದವನ ಕಡೆಯದೂ ಸ್ವಲ್ಪ ಕೇಳಿ.

ಎರಡನೇ ದಿನಕ್ಕೇ ನನ್ನ ತಲೆಗೆ ದಿನಕ್ಕೆ ನಾಲ್ಕು ಪೀರಿಯಡ್ ಕಟ್ಟಿದರು. ಅಲ್ಲಿ ಒಂದು ಶಿಕ್ಷಕರ ಹುದ್ದೆ ಖಾಲಿ, ಅತಿಥಿ ಶಿಕ್ಷಕರು ಇನ್ನೂ ಬಂದಿರಲಿಲ್ಲ. ಮೆಂಟರ್ ಸ್ಟಾಫ್ ರೂಮಿನಲ್ಲಿ. ಅವರು ಒಳಗೆ ಬಂದದ್ದು ಒಂದೇ ಸಲ, ನಮ್ಮ ಕಾಲೇಜಿನವರು ಪಾಠ ನೋಡಲು ಬಂದ ದಿನ. ನಾನು ದಾವಣಗೆರೆಯವನು, ತುಂಗಭದ್ರೆ ನೀರು ಕುಡಿದು ಬೆಳೆದವನು. ಶಾಲೆ ಹಿರಿಯೂರು ಕಡೆ. ಪಾಠದ ಭರದಲ್ಲಿ ವಾಣಿ ವಿಲಾಸ ಸಾಗರವನ್ನು ತುಂಗಭದ್ರಾ ನದಿಗೆ ಕಟ್ಟಿದ್ದಾರೆ ಅಂದುಬಿಟ್ಟೆ. ಹಿಂದಿನಿಂದ ಮೆಂಟರ್ ‘ಏ ವೇದಾವತಿ ಕಣಯ್ಯಾ, ವೇದಾವತಿ!’ ಅಂತ ಕೂಗಿದರು. ತಪ್ಪು ನನ್ನದೇ, ಒಪ್ಪಿದೆ. ಆದರೆ ಅಲ್ಲಿಂದ ಕೊನೆಯ ದಿನದವರೆಗೆ ನಾನು ‘ವೇದಾವತಿ ಸಾರ್’. ಬಸ್ ಸ್ಟ್ಯಾಂಡಿನಲ್ಲೂ.

ಖರ್ಚು ಹೇಳುತ್ತೇನೆ. ಹುಡುಗಿಯರಿಗೆ ಸರ್ಕಾರಿ ಬಸ್ಸು ಫ್ರೀ, ನಮಗೆಲ್ಲಿ ಶಕ್ತಿ ಯೋಜನೆ? ಅಲ್ಲೇ ರೂಮು ಮಾಡಿಕೊಂಡರೂ ರೂಮಿನಿಂದ ಶಾಲೆಗೆ ಹೋಗಲು 28, ಬರಲು 28. ರಜೆ ಕಳೆದು 88 ದಿನ. 4,928 ರೂಪಾಯಿ ಆಯಿತು. ಚಾರ್ಟು, ಸ್ಕೆಚ್ ಪೆನ್ನು, ಥರ್ಮಾಕೋಲು 1,340. ಪಾಠಯೋಜನೆಯ ರೆಕಾರ್ಡು, ಜೆರಾಕ್ಸು, ಬೈಂಡಿಂಗು 1,150. ಚಿತ್ರದುರ್ಗದ ಕೋಟೆಯ ಮಾದರಿ ಮಾಡಿದ್ದೆ, ಏಳು ಸುತ್ತೂ ಬರುವ ಹಾಗೆ. ಅದು ಈಗ ಹೆಚ್‌ಎಂ ರೂಮಿನಲ್ಲಿದೆ, ಮೇಲೆ ಸ್ಟೆಪ್ಲರ್ ಇಟ್ಟಿದ್ದಾರೆ.

ಹರಿಹರದ ಮೇಷ್ಟ್ರು:
ಸ್ಟಾಫ್ ರೂಮು ಅಂದದ್ದು ನನಗೇನಪ್ಪಾ? ನಾನು ತರಬೇತಿಗೆ ಹೋಗಿದ್ದೆ, ಆದೇಶದ ಮೇಲೆ.

ಹೋದ ವರ್ಷ ಮುಗಿಸಿದವನು:
ನಿಮಗಲ್ಲ ಸಾರ್. ಆದರೆ ಆ ರೈಟ್ ಗುರುತು ಹಾಕಿದ ಹುಡುಗನಿಗೆ, ಹೋಗುವ ಮುಂಚೆ ಪಾಠಯೋಜನೆ ನೋಡಿ ಸಹಿ ಹಾಕಿದ್ದು ಯಾರು?

ಹರಿಹರದ ಮೇಷ್ಟ್ರು:
ಸಹಿ ನಾನೇ ಹಾಕಿದ್ದು. ಪಾಠಯೋಜನೆಯಲ್ಲಿ ಹಾಡು ಇರಲಿಲ್ಲ.

ಹೊಳಲ್ಕೆರೆ ನಲಿ-ಕಲಿ ಟೀಚರ್:
ಜಗಳ ಸಾಕು ಮಾಡಿ, ಆ ಮೇಡಂ ಕೇಳಿದ್ದೇ ಬೇರೆ. ನಮ್ಮ ನಲಿ-ಕಲಿಯಲ್ಲಿ, ಅಂದರೆ ಸಣ್ಣ ತರಗತಿಗಳ ಕಾರ್ಡ್ ಕಲಿಕೆಯಲ್ಲಿ, ಮಕ್ಕಳು ಮೊದಲೇ ಗುಂಪಾಗಿ ಕೂರುತ್ತಾರೆ, ಹಾಗಾಗಿ ಪ್ರಾಥಮಿಕ ಶಾಲೆಗೆ ತರಬೇತಿ ಪಡೆಯುವ ಡಿಎಡ್ ಹುಡುಗಿಯರಿಗೆ ವಹಿಸುವುದು ಸಲೀಸು. ಮೊದಲ ವಾರ ಒಂದು ಗುಂಪು, ಆಮೇಲೆ ಎರಡು. ನನಗೆ ಹೊಡೆತ ಬಿದ್ದದ್ದು ವಾಪಸ್ ತಗೊಳ್ಳುವಾಗ. ಹೊಸ ಮಿಸ್ ಹೋದ ಮೇಲೆ ಎರಡನೇ ತರಗತಿಯ ಒಂದು ಮಗು ನನ್ನ ಹತ್ತಿರ ಓದಲು ಬರಲೇ ಇಲ್ಲ. ಕಾರ್ಡ್ ತೆಗೆದುಕೊಂಡು ಬಾಗಿಲ ಕಡೆ ಮುಖ ಮಾಡಿ ಕೂರುತ್ತಿತ್ತು. ಹದಿನೈದು ದಿನ. ಆರೂವರೆ ವರ್ಷದ ಮಗುವಿನ ಮೇಲೆ ಸಿಟ್ಟು ಮಾಡಿಕೊಂಡೆ ನಾನು. ಅದಕ್ಕೇ ಈಗ ಕೊನೆಯ ಎರಡು ವಾರ ಒಂದೊಂದೇ ಗುಂಪು ವಾಪಸ್ ತಗೊಳ್ಳುತ್ತೇನೆ. ಕೊಡುವಷ್ಟೇ ನಿಧಾನವಾಗಿ.

ಚನ್ನಗಿರಿಯ ಹಳಬ:
ಒಂದು ಮಾತು. 10ನೇ ತರಗತಿ ಮಾತ್ರ ಮುಟ್ಟಿಸಬೇಡಿ. ರಿಸಲ್ಟ್ ಕಡಿಮೆಯಾದರೆ ನೋಟಿಸು ಬಿಎಡ್ ಹುಡುಗಿಗೆ ಬರಲ್ಲ. ಮತ್ತೆ ಹೋಗುವಾಗ ಶಾಲೆಗೆ ಏನಾದರೂ ಕೊಟ್ಟು ಹೋಗುವುದು ಪದ್ಧತಿ, ಮರೆಯಬಾರದು.

ಹೋದ ವರ್ಷ ಮುಗಿಸಿದವನು:
ಅದೊಂದು ಬಿಟ್ಟಿದ್ದೆ, ನೆನಪಿಸಿದಿರಿ. ಆರು ಜನ ತಲಾ 300 ಹಾಕಿ ದೊಡ್ಡ ಗಡಿಯಾರ ಕೊಟ್ಟೆವು. ಮಂಡಕ್ಕಿ ಮಿರ್ಚಿ ಖರ್ಚು ಬೇರೆ. ಪದ್ಧತಿಯಂತೆ! ನಮಗೆ ಸಂಬಳ ಕೊಟ್ಟಿದ್ದಿರಾ?

ಚನ್ನಗಿರಿಯ ಹಳಬ:
ಯಾರೂ ಬಲವಂತ ಮಾಡಿಲ್ಲ ತಮ್ಮಾ. ಪ್ರೀತಿಯಿಂದ ಕೊಡೋದು.

ಹೋದ ವರ್ಷ ಮುಗಿಸಿದವನು:
ಇಂಟರ್ನಲ್ ಅಂಕ ಇನ್ನೂ ಅವರ ಕೈಯಲ್ಲೇ ಇರುವಾಗ ಹುಟ್ಟುವ ಪ್ರೀತಿ, ಅಲ್ವಾ.

ಜಗಳೂರು ಗಣಿತ ಟೀಚರ್:
ಎಲ್ಲರಿಗೂ ಥ್ಯಾಂಕ್ಸ್. ಕೂರುವ ನಕ್ಷೆ ಇವತ್ತೇ ಬರೆದೆ. ಬರೆಯುವಾಗಲೇ ಕಿಟಕಿ ಕಡೆಯ ನಾಲ್ವರ ಹೆಸರು ನೆನಪಾಗಲಿಲ್ಲ, ಹಾಜರಿ ಪುಸ್ತಕ ನೋಡಬೇಕಾಯಿತು. ಹಾಗೇ, ನಾನು ಗಡಿಯಾರ ತಗೊಳ್ಳಲ್ಲ. ನಮ್ಮ ಶಾಲೆಯಲ್ಲಿ ಈಗಾಗಲೇ ಐದು ಇವೆ.

ಹೊಳಲ್ಕೆರೆ ನಲಿ-ಕಲಿ ಟೀಚರ್:
ನಮ್ಮಲ್ಲಿ ನಾಲ್ಕು. ಸೆಲ್ ಹಾಕುತ್ತಿರುವವಳು ನಾನು.