ಸವಿತಾ, ಚಿರಾಗನಿಗೂ ರಕ್ತ ಪರೀಕ್ಷೆ ಮಾಡಿಸು

ಸವಿತಾ, ದೊಡ್ಡಮ್ಮ ಮಾತಾಡುತ್ತಿದ್ದೇನೆ. ನಿನ್ನ ಮೆಸೇಜು ಬೆಳಗ್ಗೆಯೇ ನೋಡಿದೆ. ಮಗಳು ನಿಧಿಗೆ ಎಂಡೋಸ್ಕೋಪಿಯಲ್ಲಿ ಸೀಲಿಯಾಕ್ ಅಂತ ಬಂತು, ಈಗ ಮಗ ಚಿರಾಗನಿಗೂ ಟೆಸ್ಟ್ ಬೇಕಾ, ಅವನು ಗುಂಡಗೆ ಚೆನ್ನಾಗಿದ್ದಾನೆ, ಭೇದಿ ಇಲ್ಲ, ವಾಂತಿ ಇಲ್ಲ, ಅತ್ತೆ ಬೇಡ ಅನ್ನುತ್ತಿದ್ದಾರೆ, ಇಬ್ಬರಿಗೂ ಸುಮ್ನೆ ಗೋಧಿ ನಿಲ್ಲಿಸಿಬಿಡಲಾ ಅಂತ ಕೇಳಿದ್ದೀಯ. ಸೀಲಿಯಾಕ್ ಅಂದರೆ ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಅನ್ನುವ ಪ್ರೋಟೀನಿನಿಂದ ಕರುಳು ಹಾಳಾಗುವ ಕಾಯಿಲೆ. ಗ್ರೂಪಿನಲ್ಲಿ ಕೆಳಗೆ ಎಲ್ಲರೂ ಕೈಮುಗಿಯುವ ಗುರುತು ಹಾಕಿದ್ದಾರೆ, ಉತ್ತರ ಮಾತ್ರ ಯಾರೂ ಹೇಳಿಲ್ಲ. ನಾನು ಹೇಳುತ್ತೇನೆ. ಉದ್ದ ಆಗುತ್ತೆ, ಕುಕ್ಕರ್ ಇಟ್ಟಿದ್ದರೆ ಇಳಿಸಿ ಬಂದು ಕೇಳು.

ಮೊದಲನೇ ಮಾತು, ಹುಡುಗ ಗುಂಡಗಿದ್ದಾನೆ ಅಂತ ಬಿಡಬೇಡ. ನನ್ನ ಮಗ ಗಿರೀಶನನ್ನು ನೋಡಿದ ನಾನು ಹೇಳುತ್ತಿದ್ದೇನೆ.

ಅವನ ಅಕ್ಕ ಶುಭಾಳ ವಿಷಯ ನಿಮಗೆಲ್ಲ ಗೊತ್ತೇ ಇದೆ. ಹೊಟ್ಟೆ ಮುಂದೆ, ಕೈಕಾಲು ಕಡ್ಡಿ, ಕ್ಲಾಸಿಗೆಲ್ಲ ಕುಳ್ಳಿ, ಎಷ್ಟು ಕಬ್ಬಿಣದ ಟಾನಿಕ್ ಕುಡಿಸಿದರೂ ರಕ್ತ ಏರುತ್ತಿರಲಿಲ್ಲ. ಅವಳಿಗೆ ಸೀಲಿಯಾಕ್ ಅಂತ ಗೊತ್ತಾದಾಗ ಆ ಡಾಕ್ಟರು ಹೇಳಿದ್ದರು, ತಮ್ಮನಿಗೂ ಒಂದು ಸಲ ರಕ್ತ ನೋಡಿಸಿ ಅಂತ. ಕರೆದುಕೊಂಡು ಹೋದೆವು. ಮನೆ ಹತ್ತಿರದ ಇನ್ನೊಬ್ಬ ಡಾಕ್ಟರ ಹತ್ತಿರ. ಹೆಸರು ಬೇಡ. ಅವರು ಗಿರೀಶನ ಕೆನ್ನೆ ಹಿಂಡಿ, ಇವನಿಗೆಂಥ ಕಾಯಿಲೆ, ಕಬಡ್ಡಿ ಆಡೋ ಹುಡುಗ, ಸುಮ್ನೆ ಮಗುಗೆ ಯಾಕೆ ಸೂಜಿ ಚುಚ್ಚಿಸುತ್ತೀರಿ ಅಂತ ಕಳಿಸಿಬಿಟ್ಟರು. ನಮ್ಮವರಿಗೂ ಅದೇ ಬೇಕಿತ್ತು. ನಾನು ಮತ್ತೆ ಮತ್ತೆ ಹೇಳಿದೆ. ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವನಿಗೆ ಪದೇ ಪದೇ ಬಾಯಿಹುಣ್ಣು. ಬಿ ಕಾಂಪ್ಲೆಕ್ಸ್ ಕೊಟ್ಟು ಸುಮ್ಮನಾಗುತ್ತಿದ್ದರು. ಹೊಸದಾಗಿ ಬಂದ ಮುಂದಿನ ಹಲ್ಲಿನ ಮೇಲೆ ಕಂದು ಪಟ್ಟೆ, ಉಗುರಿನಲ್ಲಿ ಸವರಿದರೆ ತರಿತರಿ. ಸರಿಯಾಗಿ ಉಜ್ಜಲ್ಲ ಅಂತ ಅವನಿಗೇ ಬೈಗುಳ. ಸಂಜೆ ಸ್ಕೂಲಿಂದ ಬಂದವನು ಯೂನಿಫಾರಂ ಕೂಡ ಬಿಚ್ಚದೆ ದಿವಾನದ ಮೇಲೆ ಮಲಗಿಬಿಡುತ್ತಿದ್ದ. ಆಟ ಆಡಿ ಸುಸ್ತು ಅಂದರು. ಆಮೇಲೆ ಒಂದು ದಸರಾ ರಜೆಯಲ್ಲಿ ಕುಕ್ಕರಹಳ್ಳಿ ಕೆರೆ ಹತ್ತಿರ ಸೈಕಲ್ ವಾಲಿಸಿಕೊಂಡು ಬಿದ್ದ. ಜೋರಾಗೇನೂ ಹೋಗುತ್ತಿರಲಿಲ್ಲ, ನಿಂತ ಜಾಗದಲ್ಲಿ ವಾಲಿದ್ದು ಅಷ್ಟೇ. ಮುಂಗೈ ಮೂಳೆ ಮುರಿಯಿತು. ಮೂಳೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, ಈ ವಯಸ್ಸಿಗೆ ಇಷ್ಟು ತೆಳು ಇರಬಾರದು, ಮನೆಯಲ್ಲಿ ಯಾರಿಗಾದರೂ ಏನಾದರೂ ಇದೆಯಾ ಅಂತ ಕೇಳಿದರು. ಅಕ್ಕನಿಗೆ ಸೀಲಿಯಾಕ್ ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

ರಕ್ತದ ರಿಪೋರ್ಟ್ ಬಂದಾಗ ಶುಭಾಳಿಗಿಂತ ಇವನ ಅಂಕಿಯೇ ಜಾಸ್ತಿ. ಆಮೇಲೆ ಎಂಡೋಸ್ಕೋಪಿಯಲ್ಲಿ ಕರುಳೂ ನೋಡಿದರು. ಕರುಳಿನ ಒಳಗೆ ಬೆರಳಿನಂಥ ಸಣ್ಣ ಸಣ್ಣ ಎಳೆಗಳು ಇರುತ್ತವೆ, ತಿಂದದ್ದರ ಸಾರ ಹೀರುವುದು ಅವೇ. ಒಟ್ಲಲ್ಲಿ ಭತ್ತದ ಪೈರು ಎದ್ದು ನಿಂತಿರುತ್ತಲ್ಲ, ಹಾಗಿರಬೇಕಾದದ್ದು ಇವನಲ್ಲಿ ದನ ಮೇಯ್ದುಹೋದ ಹಾಗೆ ಚಪ್ಪಟೆ. ಅಷ್ಟು ದಿನ ತಿಂದ ಅನ್ನ, ಕುಡಿದ ಹಾಲು, ಕಬ್ಬಿಣ, ಕ್ಯಾಲ್ಸಿಯಂ, ಅರ್ಧಕ್ಕರ್ಧ ಮೈಗೆ ಸೇರಿರಲಿಲ್ಲ. ಗುಂಡಗೇ ಇದ್ದ, ಸವಿತಾ. ಕೆನ್ನೆ ತುಂಬಿಕೊಂಡು ಗುಂಡಗೇ ಇದ್ದ.

ನಿಮ್ಮ ಅತ್ತೆ ಹೇಳುವುದೂ ಕೇಳಿದೆ. ನಾವು ಮಂಡ್ಯದವರು, ಮುದ್ದೆ ಉಣ್ಣೋರು, ಇದು ಪಂಜಾಬಿನವರ ಕಾಯಿಲೆ ಅಂತ. ಪಂಜಾಬ್, ಹರಿಯಾಣ, ರಾಜಸ್ಥಾನದ ಕಡೆ ಜಾಸ್ತಿ ಕಾಣುತ್ತೆ, ನಿಜ. ಅವರು ಮೂರು ಹೊತ್ತೂ ಗೋಧಿ ತಿನ್ನುತ್ತಾರೆ. ರಾಗಿ, ಅಕ್ಕಿ, ಜೋಳದಲ್ಲಿ ಗ್ಲುಟೆನ್ ಇಲ್ಲ, ಅದೂ ನಿಜ. ಆದರೆ ನಮ್ಮ ಮನೆಗಳಲ್ಲಿ ಈಗ ಮುದ್ದೆ ಎಷ್ಟು ಹೊತ್ತು ಇದೆ, ಹೇಳಿ? ಬೆಳಗ್ಗೆ ಉಪ್ಪಿಟ್ಟು, ಇಲ್ಲಾಂದರೆ ಶಾವಿಗೆ ಬಾತು. ಸಂಜೆ ಬನ್ನು, ರಸ್ಕು. ತಾತನಿಗೆ ಶುಗರ್ ಅಂತ ರಾತ್ರಿ ಮನೆಗೆಲ್ಲ ಚಪಾತಿ. ರೈಲಿನಲ್ಲಿ ಹೋದರೆ ಮದ್ದೂರು ವಡೆ, ಅದರಲ್ಲೂ ಮೈದಾ, ರವೆ. ಮಕ್ಕಳಿಗೆ ಹಾಲಿಗೆ ಹಾಕುವ ಹಾರ್ಲಿಕ್ಸ್‌ನಲ್ಲಿ ಗೋಧಿಯೂ ಇದೆ, ಬಾರ್ಲಿಯೂ ಇದೆ.

ಗೋಧಿ ತಿಂದು ಕಾಯಿಲೆ ಬರುತ್ತಾ ಅಂತ ಭಾವ ಕೇಳಿದ್ದರು. ಎರಡನೇ ಮಹಾಯುದ್ಧದಲ್ಲಿ, 1944-45ರ ಚಳಿಗಾಲ, ಹಾಲೆಂಡಿನಲ್ಲಿ ಬ್ರೆಡ್ಡಿಗೇ ಗತಿಯಿರಲಿಲ್ಲ. ಊರೆಲ್ಲ ಹಸಿದಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಸುಧಾರಿಸಿದರು. ಬ್ರೆಡ್ಡು ಮತ್ತೆ ಸಿಕ್ಕಾಗ ಮತ್ತೆ ಮಲಗಿದರು. ವಿಲೆಮ್ ಡಿಕ್ಕೆ ಅನ್ನುವ ಮಕ್ಕಳ ಡಾಕ್ಟರಿಗೆ ಮೊದಲಿನಿಂದಲೂ ಗೋಧಿ ಮೇಲೆ ಅನುಮಾನ ಇತ್ತು, ಅದು ಅಲ್ಲಿ ಗಟ್ಟಿಯಾಯಿತು. ಇದೇನೂ ನಿನ್ನೆ ಮೊನ್ನೆ ಹುಟ್ಟಿದ ಫ್ಯಾಷನ್ ಅಲ್ಲ.

ಇದು ರಕ್ತದಲ್ಲಿ ಹರಿದು ಬರುತ್ತೆ. ಸೀಲಿಯಾಕ್ ಇರುವವರ ಅಪ್ಪ, ಅಮ್ಮ, ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಲ್ಲಿ ಸುಮಾರು 10 ಜನರಲ್ಲಿ ಒಬ್ಬರಿಗೆ ಇರುತ್ತೆ. ಬೇರೆ ಜನರಲ್ಲಿ 100ಕ್ಕೆ ಒಬ್ಬರು ಅಂತ ಲೆಕ್ಕ. ಅದಕ್ಕೇ ಹೇಳುತ್ತಿದ್ದೇನೆ, ಭೇದಿ ಇಲ್ಲ, ಗುಂಡಗಿದ್ದಾನೆ ಅಂತ ಬಿಡಬೇಡ ತಾಯಿ. ಬಿಡಬೇಡ.

ಶಂಕರಾ, ನೀನೂ ಕೇಳಿಸಿಕೋ. ನಿನ್ನ ಮಗ ಚಿಕ್ಕಂದಿನಿಂದ ಇನ್ಸುಲಿನ್ ಮೇಲಿದ್ದಾನಲ್ಲ, ಆ ಟೈಪ್ 1 ಶುಗರ್ ಇರುವ ಮಕ್ಕಳಿಗೂ ಇದನ್ನು ನೋಡಿಸಬೇಕು. ಮಂಜುಳನ ಮಗಳಿಗೆ ಆಂಟಿಬಾಡಿ ಥೈರಾಯ್ಡ್, ಅಂದರೆ ಮೈಯ ರಕ್ಷಣಾ ಶಕ್ತಿಯೇ ಥೈರಾಯ್ಡಿನ ಮೇಲೆ ತಿರುಗಿಬೀಳುವುದು, ಅಂದಿದ್ದರಲ್ಲ, ಅವಳಿಗೂ. ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ, ಹುಟ್ಟಿನಿಂದಲೇ ಬರುವ ಟರ್ನರ್ ಸಿಂಡ್ರೋಮ್ ಅಂತ ಹೇಳಿರುವ ಹೆಣ್ಣುಮಕ್ಕಳಿಗೂ ಅಪಾಯ ಜಾಸ್ತಿ. ಮನೆಯಲ್ಲಿ ಯಾರಿಗೂ ಇಲ್ಲದಿದ್ದರೂ, ಟಾನಿಕ್‌ಗೆ ಬಗ್ಗದ ರಕ್ತಹೀನತೆ, ನಿಂತುಹೋದ ಎತ್ತರ, ಬಿಡದ ಮಲಬದ್ಧತೆ, ಉಬ್ಬಿದ ಹೊಟ್ಟೆ, ಯಾವಾಗಲೂ ಕಿರಿಕಿರಿ ಮಾಡುವ ಮಗು, ವಯಸ್ಸಿಗೆ ಬಂದರೂ ದೊಡ್ಡವಳಾಗದ ಹುಡುಗಿ, ಇಂಥವರನ್ನೂ ನೋಡಿಸಬೇಕು.

ಇನ್ನು ನಮ್ಮ ಜನ. ನಿಧಿಗೆ ನೀನು ಏನೇ ಮಾಡಿದರೂ ನಮ್ಮ ಜನ ಬಿಡುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ. ಶ್ರೀರಂಗಪಟ್ಟಣದ ಗೃಹಪ್ರವೇಶ ನೆನಪಿದೆಯಾ? ಅಡುಗೆಯವರ ಇಂಗಿನ ಡಬ್ಬಿ ತಿರುಗಿಸಿ ಓದಿದೆ, ಮೈದಾ ಸೇರಿಸಿದ ಇಂಗು. ಸಾರು ಮುಟ್ಟಬೇಡ ಅಂತ ಶುಭಾಳಿಗೆ ಮನೆಯಿಂದ ತಂದ ಸ್ಟೀಲ್ ಡಬ್ಬಿ ಬಿಚ್ಚಿ, ಪಂಕ್ತಿಯ ಕೊನೆಯಲ್ಲಿ ಕೂರಿಸಿ ಬಡಿಸಿದೆ. ಆಗ ಏನೆಲ್ಲ ಮಾತು! ದೊಡ್ಡೋರ ಮನೆ ಮಗಳು, ನಮ್ಮ ಅಡುಗೆ ಸೇರಲ್ಲ ಅಂದರು. ನಾನು ಕೈ ತೊಳೆಯಲು ಹೋಗಿ ಬರುವಷ್ಟರಲ್ಲಿ ಅವಳ ಎಲೆ ಮೇಲೆ ಚಿರೋಟಿ. ಒಂದು ಚೂರಿಗೆ ಏನಾಗುತ್ತೆ ಅಂತ. ಹಾಕಿದವರು ಈ ಗ್ರೂಪಿನಲ್ಲೇ ಇದ್ದಾರೆ, ಕೇಳಿಸಿಕೊಳ್ಳಲಿ. ಒಂದು ಚೂರಿಗೂ ಆಗುತ್ತೆ. ಕಣ್ಣಿಗೆ ಕಾಣಲ್ಲ, ಕರುಳಿಗೆ ಗೊತ್ತಾಗುತ್ತೆ. ಮೂರು ದಿನ ಆ ಹುಡುಗಿ ಹೊಟ್ಟೆ ಹಿಡಿದುಕೊಂಡು ಒದ್ದಾಡಿತು, ಒಬ್ಬರೂ ಫೋನ್ ಮಾಡಿ ಹೇಗಿದ್ದಾಳೆ ಅಂತ ಕೇಳಲಿಲ್ಲ. ಅದರ ಮೇಲೆ, ಇದು ನಮ್ಮ ಕಡೆಯದಲ್ಲ, ನಿಮ್ಮ ತವರಿನ ಕಡೆಯಿಂದ ಬಂದದ್ದು ಅಂತ ನನಗೇ ಅಂದರು. ಇದರ ಜೀನ್ 100ರಲ್ಲಿ 30-40 ಜನರ ಮೈಯಲ್ಲಿ ಇರುತ್ತೆ, ಕಾಯಿಲೆ ಬರುವುದು ಅದರಲ್ಲಿ ಕೆಲವರಿಗೆ. ಯಾವ ಕಡೆಯಿಂದ ಬಂತು ಅಂತ ಬೆರಳು ತೋರಿಸುವುದಕ್ಕೆ ಯಾರಿಗೂ ಹಕ್ಕಿಲ್ಲ. ಇನ್ನೂ ನೋವಾಗುತ್ತೆ ನನಗೆ ಅದು.

ಅಯ್ಯೋ, ಸವಿತಾ, ನೀನು ಕೇಳಿದ್ದಕ್ಕೇ ಹೇಳಲಿಲ್ಲ ನೋಡು. ಚಪಾತಿ ನಿಲ್ಲಿಸಲಾ ಅಂದೆಯಲ್ಲ. ನಿಧಿಗೆ ನಿಲ್ಲಿಸು, ಅವಳಿಗೆ ಇನ್ನು ಜೀವನಪೂರ್ತಿ ಗೋಧಿ, ಬಾರ್ಲಿ ಬೇಡ. ಚಿರಾಗನಿಗೆ ಮಾತ್ರ ಈಗ ನಿಲ್ಲಿಸಬೇಡ. ಗೋಧಿ ಬಿಡಿಸಿ ಆಮೇಲೆ ರಕ್ತ ಕೊಟ್ಟರೆ, ಕಾಯಿಲೆ ಇದ್ದರೂ ರಿಪೋರ್ಟಿನಲ್ಲಿ ಇಲ್ಲ ಅಂತ ಬರಬಹುದು. ನಿಲ್ಲಿಸಿ ಒಂದೆರಡು ದಿನ ಆಗಿದ್ದರೆ ಗಾಬರಿ ಬೇಡ, ಮತ್ತೆ ಕೊಡು, ಡಾಕ್ಟರಿಗೆ ಆ ವಿಷಯ ಹೇಳು. ದಿನಾ ಚಪಾತಿ, ಉಪ್ಪಿಟ್ಟು ಮಾಮೂಲಿ ತಿನ್ನಲಿ.

ಚೀಟಿಯಲ್ಲಿ ಟಿಟಿಜಿ ಐಜಿಎ ಅಂತ ಬರೆಸು, ಸೀಲಿಯಾಕ್ ಪತ್ತೆಗೆ ಮಾಡುವ ರಕ್ತದ ಟೆಸ್ಟ್ ಅದು, ಜೊತೆಗೆ ಟೋಟಲ್ ಐಜಿಎ. ಎರಡೂ ಬೇಕು. ಕೆಲವು ಮಕ್ಕಳ ಮೈಯಲ್ಲಿ ಐಜಿಎ ಅನ್ನುವ ಆಂಟಿಬಾಡಿಯೇ ಕಡಿಮೆ ಇರುತ್ತೆ, ಅವರಿಗೆ ಮೊದಲನೇ ಟೆಸ್ಟ್ ಒಂದೇ ಮಾಡಿದರೆ ಸುಳ್ಳು ಧೈರ್ಯ ಬರುತ್ತೆ. ನೀನೂ ನಿನ್ನ ಗಂಡನೂ ಅವತ್ತೇ ರಕ್ತ ಕೊಟ್ಟುಬಿಡಿ. ಚಿರಾಗನದು ಈಗ ಇಲ್ಲ ಅಂತ ಬಂದರೂ ಮುಗಿಯಿತು ಅಂದುಕೊಳ್ಳಬೇಡ, ಮುಂದೆಯೂ ಬರಬಹುದು. ಮತ್ತೆ ಯಾವಾಗ ನೋಡಿಸಬೇಕು ಅಂತ ಕೇಳಿ ಬರೆದಿಟ್ಟುಕೋ. ಜೀನ್ ಟೆಸ್ಟ್ ಅಂತಲೂ ಇದೆ, ಅದರಲ್ಲಿ ಜೀನೇ ಇಲ್ಲ ಅಂತ ಬಂದರೆ ಪದೇ ಪದೇ ಸೂಜಿ ಚುಚ್ಚಿಸುವುದು ತಪ್ಪುತ್ತೆ, ದುಡ್ಡು ಎಷ್ಟಾಗುತ್ತೆ ವಿಚಾರಿಸು.

ನಿಧಿಯ ರಾಗಿಯನ್ನು ಮಿಲ್ಲಿಗೆ ಕೊಡಬೇಡ, ಗೋಧಿ ಬೀಸಿದ ಕಲ್ಲಲ್ಲೇ ಬೀಸಿಬಿಡುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕಂತಲೇ ಇಟ್ಟಿರುವ ಸಣ್ಣ ಗಿರಣಿ ಇದೆ. ರಾಗಿ ಆರಿಸಿ, ತೊಳೆದು, ಒಣಗಿಸಿ ಗಿರೀಶನ ಕೈಯಲ್ಲಿ ಕಳಿಸು, ಭಾನುವಾರ ಬೀಸಿ ಕೊಡುತ್ತೇನೆ.