ಸಂಪಾಜೆ ಏರಿನಲ್ಲಿ ಕ್ಲಚ್ ಸ್ಲಿಪ್: ಗೇರ್‌ಬಾಕ್ಸ್ ಇಳಿಸುವ ಮುಂಚೆ ಏನೇನು ನೋಡಬೇಕು?

ಸಿದ್ದಾಪುರ ಲೋಡ್
ಆರು ಚಕ್ರದ ಲಾರಿ, ಐದು ಗೇರ್, ಏರ್ ಬೂಸ್ಟರ್ (ಗಾಳಿಯ ಒತ್ತಡದಿಂದ ಪೆಡಲಿಗೆ ನೆರವಾಗುವ ಭಾಗ) ಇರುವ ಹೈಡ್ರಾಲಿಕ್ ಕ್ಲಚ್. ಕಾಫಿ ಮೂಟೆ ಹೇರಿಕೊಂಡು ಕುಶಾಲನಗರಕ್ಕೆ ಹೋಗುವಾಗ ಏನೂ ತೊಂದರೆ ಇಲ್ಲ. ಮಂಗಳೂರಿಂದ ಗೊಬ್ಬರ ತುಂಬಿಕೊಂಡು ಬರುವಾಗ, ಸಂಪಾಜೆ ದಾಟಿ ಏರು ಸಿಕ್ಕಿದ ಮೇಲೆ ಮೂರನೇ ಗೇರಲ್ಲಿ ಎಂಜಿನ್ ಸದ್ದು ಮಾತ್ರ ಏರುತ್ತೆ, ಗಾಡಿ ಎಳೆಯಲ್ಲ. ಗ್ಯಾರೇಜಲ್ಲಿ ಪೆಡಲ್ ಕೂಡ ಒತ್ತಿ ನೋಡದೆ "ಕ್ಲಚ್ ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸೋಣ" ಅಂದರು. ಕೊಯ್ಲಿನ ಸಮಯ, ಗಾಡಿ ನಿಲ್ಲಿಸೋದು ಕಷ್ಟ. ಇಳಿಸದೆ ಖಚಿತ ಮಾಡಿಕೊಳ್ಳೋಕೆ ದಾರಿ ಇದೆಯಾ?

ಮಡಿಕೇರಿ ಡೀಸೆಲ್
ಮೊದಲು ಇದು ಕ್ಲಚ್ಚೇ ಹೌದಾ ಅಂತ ಆರ್‌ಪಿಎಂ ಮೀಟರಲ್ಲಿ ನೋಡಿ. ಏರಿನಲ್ಲಿ ವೇಗದ ಜೊತೆ ಆರ್‌ಪಿಎಂ ಕೂಡ ಇಳಿಯುತ್ತಿದ್ದರೆ ಅದು ಪಿಕಪ್ ಸಮಸ್ಯೆ: ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಟರ್ಬೊ ಹೋಸ್ ನೋಡಿ. ವೇಗ ಇಳಿದು ಆರ್‌ಪಿಎಂ ಮೇಲೆ ಹಾರಿದರೆ ಮಾತ್ರ ಸ್ಲಿಪ್, ಅಂದರೆ ಕ್ಲಚ್ ಹಿಡಿಯದೆ ಜಾರೋದು. ನೀವು ಹೇಳಿದ್ದು ಎರಡನೆಯದರ ಥರ ಇದೆ. ಕುಶಾಲನಗರದ ಕಡೆ ಎಂಜಿನ್ ಟಾರ್ಕ್ (ತಿರುಗಿಸುವ ಬಲ) ಪೂರ್ತಿ ಬೇಕಾಗಲ್ಲ, ಅದಕ್ಕೇ ಅಲ್ಲಿ ಗೊತ್ತಾಗಲ್ಲ. ಸ್ವಲ್ಪ ಸವೆದ ಪ್ಲೇಟ್ ಜಾರೋಕೆ ಶುರು ಮಾಡೋದೇ ಟಾರ್ಕ್ ಹೆಚ್ಚಿರುವ ಕಡಿಮೆ ಆರ್‌ಪಿಎಂನಲ್ಲಿ, ತುಂಬಿದ ಲೋಡಲ್ಲಿ.

ಇನ್ನು ಪೆಡಲ್. ಏರ್ ಟ್ಯಾಂಕ್ ತುಂಬಿದ ಮೇಲೇ ನೋಡಬೇಕು, ಗಾಳಿ ಕಮ್ಮಿ ಇದ್ದರೆ ಬೂಸ್ಟರ್ ಸುಳ್ಳು ಹೇಳುತ್ತೆ. ಕ್ಲಚ್ ಹಿಡಿಯೋ ಜಾಗ ಪೆಡಲಿನ ಕೊನೆಗೆ, ಮೇಲಕ್ಕೆ ಬಂದಿದೆಯಾ? ಗಾಡಿಯ ಕೆಳಗೆ ಹೋಗಿ, ರಿಟರ್ನ್ ಸ್ಪ್ರಿಂಗ್ ಬಿಚ್ಚಿ, ಕ್ಲಚ್ ಬಿಡಿಸುವ ರಿಲೀಸ್ ಲಿವರನ್ನು ಕೈಯಲ್ಲಿ ಅಲ್ಲಾಡಿಸಿ. ಅಡ್ಜಸ್ಟ್ ಮಾಡುವ ಮಾದರಿ ಆದರೆ ಕೆಲವು ಮಿಲಿಮೀಟರ್ ಪ್ಲೇ (ಖಾಲಿ ಆಟ) ಇರಬೇಕು, ಸರಿಯಾದ ಅಳತೆ ಗಾಡಿಯ ಪುಸ್ತಕದಲ್ಲಿರುತ್ತೆ. ಪ್ಲೇಟ್ ಸವೆದಂತೆ ಅದನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಬೆರಳುಗಳು ಹಿಂದಕ್ಕೆ, ರಿಲೀಸ್ ಬೇರಿಂಗ್ ಕಡೆಗೆ ಬರುತ್ತವೆ, ಪ್ಲೇ ತಾನಾಗಿ ತಿಂದುಹೋಗುತ್ತೆ. ಪ್ಲೇ ಸೊನ್ನೆಯಾದರೆ ಬೇರಿಂಗ್ ಸದಾ ಬೆರಳನ್ನು ಒತ್ತಿಕೊಂಡೇ ಇರುತ್ತೆ, ಇನ್ನೂ ದಪ್ಪ ಇರುವ ಪ್ಲೇಟೂ ಜಾರುತ್ತೆ. ಅಂಥ ಕಡೆ ಲಿವರನ್ನು ತಳ್ಳುವ ಪುಶ್ ರಾಡ್ ನಟ್ ತಿರುಗಿಸಿ ಪ್ಲೇ ಕೊಟ್ಟು ಓಡಿಸಿ ನೋಡಿ. ನಟ್ಟಿನಲ್ಲಿ ತಿರುಗಿಸೋಕೆ ಎಳೆ ಉಳಿದಿಲ್ಲ ಅಂದರೆ ಪ್ಲೇಟ್ ಮುಗಿದಿದೆ.

ಆಟೋ ಅಡ್ಜಸ್ಟ್ ಬೂಸ್ಟರ್ ಆದರೆ ಈ ಲೆಕ್ಕ ನಡೆಯಲ್ಲ, ಪ್ಲೇ ಇಲ್ಲದಿರೋದೇ ಅಲ್ಲಿ ಸರಿ. ಕೆಲವದರಲ್ಲಿ ಸವೆತ ತೋರಿಸುವ ಪಿನ್ ಇರುತ್ತೆ, ಅದು ಎಷ್ಟು ಸರಿದಿದೆ ನೋಡಿ.

ಗೋಣಿಕೊಪ್ಪ ಸ್ಪ್ಯಾನರ್
ಒಂದು ಸೇರಿಸಿ ಅಣ್ಣ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್‌ನಲ್ಲಿ ಆಯಿಲ್ ವಾಪಸ್ ಬರುವ ತೂತು ಕಟ್ಟಿಕೊಂಡರೆ ಲೈನಿನಲ್ಲಿ ಪ್ರೆಶರ್ ಉಳಿದು, ಯಾರೋ ಪೆಡಲನ್ನು ಅರ್ಧ ಒತ್ತಿ ಹಿಡಿದ ಹಾಗೆ ಆಗುತ್ತೆ. ಸ್ಲಿಪ್ ಆಗುತ್ತಿರುವಾಗಲೇ ಬದಿಗೆ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕೊಟ್ಟು, ಬೂಸ್ಟರಿನ ಬ್ಲೀಡ್ ನಿಪ್ಪಲ್ (ಲೈನಿನ ಗಾಳಿ ತೆಗೆಯುವ ತಿರುಪು) ಸ್ವಲ್ಪ ಸಡಿಲಿಸಿ. ಆಯಿಲ್ ಜೋರಾಗಿ ಚಿಮ್ಮಿ, ಆಮೇಲೆ ಗಾಡಿ ಸರಿಯಾಗಿ ಎಳೆದರೆ ತಪ್ಪು ಸಿಲಿಂಡರಿನದು, ಪ್ಲೇಟಿನದಲ್ಲ. ನಿಪ್ಪಲ್ ಬಿಗಿ ಮಾಡಿ ಗಾಳಿ ತೆಗೆಯೋದು ಮರೀಬೇಡಿ.

ಕ್ಲಚ್ ಮುಚ್ಚಿರುವ ಬೆಲ್ ಹೌಸಿಂಗ್ ತಳದ ತೂತಿಗೆ ಬೆರಳು ಹಾಕಿ. ಕಪ್ಪು, ತೆಳು ಆಯಿಲ್ ಬಂದರೆ ಕ್ರ್ಯಾಂಕ್ ಹಿಂದಿನ ಸೀಲ್. ದಪ್ಪ, ಕಟು ವಾಸನೆಯ ಆಯಿಲ್ ಬಂದರೆ ಗೇರ್‌ಬಾಕ್ಸ್ ಇನ್‌ಪುಟ್ ಸೀಲ್. ಆಯಿಲ್ ಕುಡಿದ ಪ್ಲೇಟ್ ಎಷ್ಟೇ ದಪ್ಪ ಇದ್ದರೂ ಪ್ರಯೋಜನ ಇಲ್ಲ, ಸೀಲ್ ಬದಲಿಸದೆ ಹೊಸದು ಹಾಕಿದರೆ ಅದೂ ಹಾಳು.

ವಿರಾಜಪೇಟೆ ಲೈನ್
ಹ್ಯಾಂಡ್‌ಬ್ರೇಕ್ ಹಾಕಿ ಟಾಪ್ ಗೇರಲ್ಲಿ ಕ್ಲಚ್ ಬಿಟ್ಟು ನೋಡಿದರೆ ಆಯ್ತಲ್ಲ, ಇಷ್ಟೆಲ್ಲ ಯಾಕೆ?

ಮಡಿಕೇರಿ ಡೀಸೆಲ್
ಮಾಡಬಹುದು, ಆದರೆ ಒಂದೇ ಸಲ. ಸಮತಟ್ಟು ಜಾಗ, ಮುಂದೆ ಯಾರೂ ಇರಬಾರದು, ಚಕ್ರಕ್ಕೆ ಮರದ ತುಂಡು. 1,000–1,200 ಆರ್‌ಪಿಎಂ ಹಿಡಿದು ಪೆಡಲನ್ನು ನಿಧಾನಕ್ಕೆ, ನಿಲ್ಲಿಸದೆ ಬಿಡಿ. ಎಂಜಿನ್ ಕೂಡಲೇ ಆಫ್ ಆಗಬೇಕು. ಆಗದೆ ಗೊರಗುಟ್ಟುತ್ತಿದ್ದರೆ ತಕ್ಷಣ ಪೆಡಲ್ ಒತ್ತಿಬಿಡಿ. ಧಡಕ್ಕಂತ ಬಿಟ್ಟರೆ ಪ್ರೊಪೆಲ್ಲರ್ ಜಾಯಿಂಟಿಗೆ ಪೆಟ್ಟು. ಮತ್ತೆ ಮತ್ತೆ ಮಾಡಿದರೆ ಫ್ಲೈವೀಲ್ ನೀಲಿ ಆಗುತ್ತೆ. ಪಾಸಾಯ್ತು ಅಂದ ಮಾತ್ರಕ್ಕೆ ಪ್ಲೇಟ್ ಚೆನ್ನಾಗಿದೆ ಅಂತಲ್ಲ: ಘಾಟಲ್ಲಿ ತುಂಬಿದ ಲೋಡು, ಬಿಸಿಯಾದ ಕ್ಲಚ್ಚು, ಆ ಸ್ಥಿತಿ ಇಲ್ಲಿ ಬರಲ್ಲ.

ಸಿದ್ದಾಪುರ ಲೋಡ್
ಪ್ಲೇ ಇಲ್ಲವೇ ಇಲ್ಲ, ನಟ್ಟೂ ಕೊನೆಗೆ ಬಂದಿದೆ. ಆಯಿಲ್ ಇಲ್ಲ, ನಿಪ್ಪಲ್ ಬಿಟ್ಟರೂ ಏನೂ ಬದಲಾಗಲಿಲ್ಲ. ಹಾಗಾದರೆ ಇಳಿಸೋದೇ. ಪ್ಲೇಟ್ ಒಂದೇ ಹಾಕಿಸಿದರೆ ಸಾಕಾ?

ಗೋಣಿಕೊಪ್ಪ ಸ್ಪ್ಯಾನರ್
ಇಳಿಸಿದ ಮೇಲೆ ನೀವೇ ನಿಂತು ನೋಡಿ. ರಿವೆಟ್ ತಲೆ ಫೇಸಿಂಗಿನ (ಪ್ಲೇಟಿನ ಉಜ್ಜುವ ಪದರ) ಮಟ್ಟಕ್ಕಿಂತ 0.3 ಮಿ.ಮೀ. ಆಳ ಕೂಡ ಇಲ್ಲ ಅಂದರೆ ಪ್ಲೇಟ್ ಬದಲಿಸಲೇಬೇಕು. ಡ್ಯಾಂಪರ್ ಸ್ಪ್ರಿಂಗ್ ಕೈಯಲ್ಲಿ ಗಲಗಲ ಅಂದರೂ, ಹಬ್ ಶಾಫ್ಟಿನ ಮೇಲೆ ಅಲ್ಲಾಡಿದರೂ ಅಷ್ಟೇ. ಪ್ರೆಶರ್ ಪ್ಲೇಟಿನಲ್ಲಿ ನೀಲಿ ಕಲೆ, ಕೂದಲೆಳೆ ಬಿರುಕು, ಬೆರಳುಗಳ ತುದಿಯಲ್ಲಿ ಸವೆದು ಗುಳಿ ಬಿದ್ದಿರೋದು ಕಂಡರೆ ಅದನ್ನೂ ತೆಗೆಯಿರಿ. ರಿಲೀಸ್ ಬೇರಿಂಗ್, ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗ್ ಎರಡನ್ನೂ ಹಳೆಯದು ಬಿಡಬೇಡಿ, ಇವಕ್ಕೋಸ್ಕರ ಮತ್ತೆ ಇಳಿಸೋ ಕೂಲಿ ದಂಡ.

ಫ್ಲೈವೀಲ್ ಲೇತಿಗೆ ಹೋದರೆ ಒಂದು ಎಚ್ಚರ. ಪ್ಲೇಟ್ ಕೂರುವ ಮುಖಕ್ಕೂ ಕವರ್ ಬೋಲ್ಟ್ ಆಗುವ ಮುಖಕ್ಕೂ ಮೆಟ್ಟಿಲು ಇದ್ದರೆ ಎರಡನ್ನೂ ಒಂದೇ ಅಳತೆಗೆ ಕೆತ್ತಿಸಬೇಕು. ಒಳಮುಖ ಒಂದನ್ನೇ ಕೆತ್ತಿದರೆ ಒತ್ತಡ ಕಮ್ಮಿಯಾಗಿ ಹೊಸ ಪ್ಲೇಟೂ ಅದೇ ಏರಲ್ಲಿ ಜಾರುತ್ತೆ.

ಕೂರಿಸುವಾಗ ಡಮ್ಮಿ ಶಾಫ್ಟ್ ಹಾಕಿ ಪ್ಲೇಟ್ ಸೆಂಟರ್ ಮಾಡಲಿ, ಕವರ್ ಬೋಲ್ಟ್‌ಗಳನ್ನು ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಲಿ. ಗೇರ್‌ಬಾಕ್ಸ್ ಏರಿಸುವಾಗ ಜ್ಯಾಕ್ ಕೆಳಗೇ ಇರಬೇಕು. ಅದರ ಭಾರ ಹಬ್ ಮೇಲೆ ನೇತಾಡಿದರೆ ಪ್ಲೇಟ್ ಸೊಟ್ಟಗಾಗಿ, ರಿವರ್ಸ್ ಹಾಕುವಾಗ ಗರ್ ಅನ್ನೋಕೆ ಶುರುವಾಗುತ್ತೆ.

ಮಡಿಕೇರಿ ಡೀಸೆಲ್
ಸೆಟ್ ಹಾಕಿದ ಮೇಲೆ ಮೊದಲ ಟ್ರಿಪ್ಪಿಗೇ ಗೊಬ್ಬರ ಬೇಡ. ಕೆಲವು ನೂರು ಕಿ.ಮೀ. ಕಾಫಿ ಮೂಟೆ ಅರ್ಧ ಲೋಡಲ್ಲಿ ಓಡಿಸಿ, ಮುಖ ಕೂರಲಿ. ಆಮೇಲೆ ಪ್ಲೇ ಇನ್ನೊಮ್ಮೆ ಅಳೆದು ಸಂಪಾಜೆ ಕಡೆ ಹೊರಡಿ.